ದಳವಾಯಿಗೆ ಕೊಟ್ಟ ಮಾತು

ಯುರೋಪಿನ ಹಳೇ ಯುದ್ಧವೊಂದರ ಆ ಸೇನಾಧಿಪತಿ ದ್ರೋಹಿಯೋ ಅಲ್ಲವೋ ಎಂಬ ಪ್ರಶ್ನೆಯ ಮೇಲೆ ನಾನು ಎರಡೂ ಕಡೆಯಿಂದ ವಾದ ಮಾಡಿದ್ದೇನೆ, ಎರಡೂ ಸಲ ಗೆದ್ದಿದ್ದೇನೆ. ಇದು ಜಂಬವಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಗೊತ್ತಿರುತ್ತದೆ: ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ನಿಮ್ಮ ನಂಬಿಕೆ ಅಲ್ಲಿ ಯಾರಿಗೂ ಬೇಡ. ಮೈಸೂರಿನಲ್ಲಿ ಹಾಗೆ ಬೆಳೆದು ಡ್ರೆಸ್ಡೆನ್‌ಗೆ ಬಂದ ಮೇಲೆ ನನಗೆ ಎದುರಾಳಿಗಳೇ ಸಿಗಲಿಲ್ಲ. ಜರ್ಮನ್ನರು ಒಪ್ಪದಿದ್ದರೆ "ನೈನ್" ಅಂದು ಮುಗಿಸಿಬಿಡುತ್ತಾರೆ. ನಮ್ಮವರು ಒಪ್ಪದಿದ್ದರೂ ತಲೆಯಾಡಿಸುತ್ತಾರೆ. ಕೂತು ಜಗಳ ಆಡುವ ಹಸಿವಿದ್ದವರು ಒಬ್ಬರೇ ಸಿಕ್ಕರು. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವರೂ ಅವರೇ.

ಎದುರಿಗೆ ಅವರನ್ನು "ಸರ್" ಅನ್ನುತ್ತಿದ್ದೆವು, ಬೆನ್ನ ಹಿಂದೆ "ದಳವಾಯಿ" ಅನ್ನುತ್ತಿದ್ದೆವು. ಹೆಸರಿಟ್ಟವಳು ನಾನೇ. ಅರಸನ ಹೆಸರಿನಲ್ಲಿ ದಂಡು ನಡೆಸುತ್ತಾ ನಡೆಸುತ್ತಾ ಕೊನೆಗೆ ಅರಸನನ್ನೇ ಕೂರಿಸಿ ಏಳಿಸುವ ಮಟ್ಟಕ್ಕೆ ಹೋದವರ ಕಥೆ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರ್ ಧಾರವಾಡದ ಕಡೆಯವರು. ಇಲ್ಲಿನ ಚಿಪ್ ಕಾರ್ಖಾನೆಯೊಂದಕ್ಕೆ ಎಂಜಿನಿಯರ್ ಆಗಿ ಬಂದವರು. ಯಂತ್ರಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಜನ ಆ ಕಾರ್ಖಾನೆಗೆ ಯಾವಾಗಲೂ ಸಾಲದು ಎಂಬುದನ್ನು ಅವರು ಬೇಗ ಕಂಡುಕೊಂಡರು. ಕೆಲಸ ಬಿಟ್ಟು ಸ್ವಂತದ್ದೊಂದು ಸಣ್ಣ ಕಂಪನಿ ಮಾಡಿ, ಕರ್ನಾಟಕದಿಂದ ಹುಡುಗ ಹುಡುಗಿಯರನ್ನು ಕರೆಸಿ, ಅದೇ ಕಾರ್ಖಾನೆಗೆ ಬಾಡಿಗೆಗೆ ಒದಗಿಸತೊಡಗಿದರು. ಕಾರ್ಖಾನೆ ಅವರಿಗೆ ಕೊಡುತ್ತಿತ್ತು, ಅವರು ನಮಗೆ ಕೊಡುತ್ತಿದ್ದರು. ನಾವು ದುಡಿಯುತ್ತಿದ್ದದ್ದು ಒಬ್ಬರ ಯಂತ್ರಗಳ ಮುಂದೆ, ಉಣ್ಣುತ್ತಿದ್ದದ್ದು ಇನ್ನೊಬ್ಬರ ಅನ್ನ.

ಅನ್ನ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬಹುದು. ಹೊಸದಾಗಿ ಬಂದವರನ್ನು ರೈಲ್ವೆ ಸ್ಟೇಷನ್ನಿನಲ್ಲಿ ಅವರೇ ಎದುರುಗೊಳ್ಳುತ್ತಿದ್ದರು. ಮನೆ ಹುಡುಕಿಕೊಡುತ್ತಿದ್ದರು, ಊರಿನ ಕಚೇರಿಯಲ್ಲಿ ವಿಳಾಸ ದಾಖಲಿಸುವ ಆನ್‌ಮೆಲ್ಡುಂಗ್ ಮಾಡಿಸುತ್ತಿದ್ದರು, ಯಾರದ್ದೋ ಹಳೇ ಚಳಿಗಾಲದ ಜಾಕೆಟ್ ತಂದು ಹೊದಿಸುತ್ತಿದ್ದರು. ಅವರ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದರು. ಯಂತ್ರ ಕೆಟ್ಟರೆ ನಾವು ಕಾರ್ಖಾನೆಯವರಿಗಿಂತ ಮೊದಲು ಸರ್‌ಗೆ ಫೋನ್ ಮಾಡುತ್ತಿದ್ದೆವು.

ಒಂದು ಚಳಿಗಾಲದಲ್ಲಿ ಊರಿಗೆಲ್ಲ ಜ್ವರ ಹಬ್ಬಿತು. ಜರ್ಮನ್ ಸಿಬ್ಬಂದಿಯಲ್ಲಿ ಅರ್ಧ ಜನ ಮಲಗಿದರು. ಸರ್ ಒಂದು ಬೆಳಗ್ಗೆ ಕೂತು ನಮಗೆಲ್ಲ ಫೋನ್ ಮಾಡಿದರು. ರಜೆಯಲ್ಲಿದ್ದವರೂ ಬಂದರು, ಮೂಗು ಸೋರಿಸಿಕೊಂಡೇ ಬಂದರು, ಒಂದು ಯಂತ್ರವೂ ನಿಲ್ಲಲಿಲ್ಲ. ವಾರದ ಕೊನೆಗೆ ವಿಭಾಗದ ಮುಖ್ಯಸ್ಥ, ಕನ್ನಡಕದ, ಮೆಲುಮಾತಿನ ಜರ್ಮನ್, ನಮ್ಮನ್ನೆಲ್ಲ ನಿಲ್ಲಿಸಿ ಸರ್‌ಗಾಗಿ ಚಪ್ಪಾಳೆ ಹೊಡೆಸಿದ. ಸರ್ ಕೈಮುಗಿದು ನಗುತ್ತಿದ್ದರು. ನಾನು ಆ ಮುಖ್ಯಸ್ಥನ ಮುಖ ನೋಡುತ್ತಿದ್ದೆ. ಕೈಗಳು ಚಪ್ಪಾಳೆ ತಟ್ಟುತ್ತಿದ್ದವು, ಕಣ್ಣು ಮಾತ್ರ ಲೆಕ್ಕ ಹಾಕುತ್ತಿತ್ತು. ಒಬ್ಬ ಮನುಷ್ಯನ ಫೋನಿನಿಂದ ನಡೆಯುವ ಕಾರ್ಖಾನೆ ಅದೇ ಫೋನಿನಿಂದ ನಿಲ್ಲಲೂಬಹುದಲ್ಲ ಎಂದು ಅವನಿಗೆ ಆ ಕ್ಷಣದಲ್ಲೇ ಹೊಳೆದಿರಬೇಕು. ಇದಕ್ಕೆ ನನ್ನ ಬಳಿ ಪುರಾವೆ ಇಲ್ಲ.

ಸೇನಾಧಿಪತಿ ನಮ್ಮ ನಡುವೆ ಬಂದದ್ದು ಅದೇ ವರ್ಷ. ಲೈಪ್‌ಜಿಗ್‌ನ ಆಚೆ, ಹೆದ್ದಾರಿಯ ಪಕ್ಕ, ನಾನೂರು ವರ್ಷಗಳ ಹಿಂದೆ ಅವನು ಕಾದಾಡಿದ ಬಯಲೊಂದಿದೆ. ಅದನ್ನು ನೋಡಿ ಬಂದ ಮೇಲೆ ಸರ್‌ಗೆ ಅವನ ಹುಚ್ಚು ಹಿಡಿಯಿತು. ಭಾನುವಾರ ಸರ್ ಮನೆಯಲ್ಲಿ ಊಟವಾದ ಮೇಲೆ ಬೇರೆಯವರು ಕ್ರಿಕೆಟ್ ಹಚ್ಚಿಕೊಂಡರೆ ನಾವಿಬ್ಬರು ಅಡುಗೆಮನೆಯ ಮೇಜಿಗೆ ಬರುತ್ತಿದ್ದೆವು.

ಕಥೆ ಇಷ್ಟು. ಅವನು ಬೊಹೀಮಿಯಾದ ಬಡ ಜಮೀನ್ದಾರರ ಮಗ, ಚಿಕ್ಕಂದಿನಲ್ಲೇ ತಂದೆತಾಯಿ ಇಲ್ಲ. ಶ್ರೀಮಂತ ವಿಧವೆಯೊಬ್ಬಳನ್ನು ಮದುವೆಯಾದ, ಯುದ್ಧದ ಗದ್ದಲದಲ್ಲಿ ಸೋತವರ ಜಮೀನನ್ನೆಲ್ಲ ಕೊಂಡ. ಚಕ್ರವರ್ತಿಗೆ ಯುದ್ಧ ಬೇಕಿತ್ತು, ಸೈನ್ಯವಿರಲಿಲ್ಲ. ಇವನು ಹೋಗಿ, ನಾನೇ ಕಟ್ಟಿ ಕೊಡುತ್ತೇನೆ ಅಂದ. ಕೂಲಿಗೆ ಕಾದಾಡುವವರನ್ನು ಎಲ್ಲೆಲ್ಲಿಂದಲೋ ಸೇರಿಸಿ, ಹೋದ ಊರುಗಳಿಂದಲೇ ಅವರ ಊಟ ಸಂಬಳ ವಸೂಲು ಮಾಡಿ, ಯುರೋಪಿನಲ್ಲೇ ದೊಡ್ಡ ದಂಡೊಂದನ್ನು ನಿಲ್ಲಿಸಿದ. ಚಕ್ರವರ್ತಿ ಗೆದ್ದ. ಗೆದ್ದ ಮೇಲೆ ಹೆದರಿದ. ಇವನನ್ನು ತೆಗೆದುಹಾಕಿದ. ಉತ್ತರದಿಂದ ಶತ್ರು ನುಗ್ಗಿದಾಗ ಮತ್ತೆ ಕರೆಸಿದ. ಎರಡನೇ ಸಲ ಬಂದವನು ಮೊದಲಿನವನಾಗಿರಲಿಲ್ಲ. ಕಾಲಿಗೆ ರೋಗ, ಪಲ್ಲಕ್ಕಿಯಲ್ಲಿ ಓಡಾಟ, ಒಂದು ಸದ್ದೂ ಸಹಿಸುತ್ತಿರಲಿಲ್ಲವಂತೆ. ಶತ್ರುಗಳ ಜೊತೆಗೂ ಗುಟ್ಟಾಗಿ ಮಾತು ನಡೆಸಿದ್ದ. ಕೊನೆಗೆ ಚಕ್ರವರ್ತಿಯ ಗುಟ್ಟಿನ ಆಜ್ಞೆ ಹೊರಟಿತು. ಅವನದೇ ಅಧಿಕಾರಿಗಳು ಅವನ ಆಪ್ತರನ್ನು ಊಟಕ್ಕೆ ಕರೆದು, ಊಟದ ಮೇಜಿನಲ್ಲೇ ಮುಗಿಸಿ, ಆಮೇಲೆ ಅವನು ಮಲಗುವ ಕೋಣೆಗೆ ಹೋದರು.

"ಅಂವ ದ್ರೋಹಿ ಅಲ್ಲ ತಂಗಿ," ಅನ್ನುತ್ತಿದ್ದರು ಸರ್. "ದಂಡು ಯಾರದು? ಅವನದು. ಕಟ್ಟಿದಾಂವ ಯಾರು? ಅಂವ. ಚಕ್ರವರ್ತಿ ಏನ್ ಕಿತ್ತಾನ ಹೇಳ್?"

"ದಂಡು ಅವನದಲ್ಲ ಸರ್. ಕೂಲಿಯವರದು. ಕೂಲಿ ಯಾರು ಕೊಟ್ಟರೂ ದಂಡು ಅವರದಾಗುತ್ತೆ."

"ಬರೀ ಕೂಲೀಲೆ ಜನ ನಿಲ್ಲೂದಿಲ್ಲ. ವಿಶ್ವಾಸ ಅಂತ ಒಂದು ಐತಿ."

"ವಿಶ್ವಾಸ ಅಳೆಯೋದು ಹೇಗೆ ಸರ್? ಪುರಾವೆ ಕೊಡಿ."

"ನೋಡ್ ಇಕಿನ್ನ! ಲಾಯರಮ್ಮ!" ಅಂತ ಅಡುಗೆಮನೆಯ ಇನ್ನೊಂದು ತುದಿಯಲ್ಲಿದ್ದ ಹೆಂಡತಿಗೆ ಹೇಳಿ ನಗುತ್ತಿದ್ದರು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, "ನಾನೂರು ವರ್ಷದ ಹಿಂದ ಸತ್ತವನ ಸಂಬಂಧ ಚಹಾ ಆರಿಸ್ತೀರಿ ನೋಡ್ರಿ," ಅಂತ ಬಯ್ಯುತ್ತಿದ್ದರು.

ಆ ಚರ್ಚೆಗಳಲ್ಲಿ ಸುಮ್ಮನೆ ಕೂತು ಕೇಳುವವನೊಬ್ಬನಿದ್ದ. ಸರ್ ಊರಿನವನು, ಅದೇ ಓಣಿಯವನು, ನನಗಿಂತ ಸ್ವಲ್ಪ ದೊಡ್ಡವನು. ಸರ್ ಅವನನ್ನು "ನಮ್ಮ ಹುಡುಗ" ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಯಾವ ಶಿಫ್ಟಿಗೆ ಯಾರು ಎಂದು ಹಂಚುವುದು ಅವನ ಕೆಲಸ. ಅವನು ವಾದ ಮಾಡಿದ್ದನ್ನು ನಾನು ಕಂಡಿಲ್ಲ. ಸರ್ ಏನೇ ಹೇಳಲಿ, "ಕರೆಕ್ಟ್ ರೀ" ಅನ್ನುತ್ತಿದ್ದ. ನನ್ನ ಕಡೆ ತಿರುಗಿ ಒಮ್ಮೆ, "ನಿನಗ ಎಲ್ಲದಕ್ಕೂ ಒಂದ್ ಬಾಲ ಹಚ್ಚಲಿಲ್ಲಂದ್ರ ನಿದ್ದಿ ಬರೂದಿಲ್ಲಲ್ಲಾ," ಅಂದಿದ್ದ. ಚೆನ್ನಾಗಿತ್ತು ಮಾತು. ನಾನೂ ನಕ್ಕಿದ್ದೆ.

ನಾನು ಬಂದ ಎರಡನೇ ವರ್ಷದ ಡಿಸೆಂಬರ್‌ನಲ್ಲಿ ಸುದ್ದಿ ಹಬ್ಬಿತು: ಕಾರ್ಖಾನೆ ಸರ್ ಜೊತೆಗಿನ ಒಪ್ಪಂದವನ್ನು ವಸಂತದಲ್ಲಿ ಮುಂದುವರಿಸುವುದಿಲ್ಲ, ನಮ್ಮನ್ನು ಮಾತ್ರ ನೇರವಾಗಿ ತಾನೇ ಸೇರಿಸಿಕೊಳ್ಳುತ್ತದೆ. ದಂಡು ಇರುತ್ತದೆ, ದಳವಾಯಿ ಇರುವುದಿಲ್ಲ. ಸರ್‌ಗೆ ಇದ್ದದ್ದು ಇದೊಂದೇ ಕಾರ್ಖಾನೆ. ನಾವು ಹೋದರೆ ಅವರಿಗೆ ಇನ್ನೇನೂ ಉಳಿಯುತ್ತಿರಲಿಲ್ಲ. ನಾವು ಒಟ್ಟಾಗಿ ನಿಂತರೆ ಕಾರ್ಖಾನೆ ಬಗ್ಗಲೇಬೇಕಿತ್ತು, ಅದೂ ಎಲ್ಲರಿಗೂ ಗೊತ್ತಿತ್ತು.

ಸಂಕ್ರಾಂತಿಗೆ ಸರ್ ಎಲ್ಲರನ್ನೂ ಊಟಕ್ಕೆ ಕರೆದರು. ಮಧ್ಯಾಹ್ನವೇ ಆದರೂ ಹೊರಗೆ ಬೆಳಕಿರಲಿಲ್ಲ. ಎಲ್ಬಾ ನದಿಯ ಮೇಲಿನ ಮಂಜು ಮನೆಗಳ ನಡುವೆ ಬಂದು ನಿಂತಿತ್ತು, ಮೆಟ್ಟಿಲ ದೀಪ ಹಚ್ಚಿಯೇ ಇತ್ತು. ಒಳಗೆ ಎಳ್ಳು ಹೋಳಿಗೆ, ಮಾದ್ಲಿ, ಬದನೆಕಾಯಿ ಎಣ್ಣೆಗಾಯಿ. ಎಲ್ಲರೂ ಹೊಟ್ಟೆತುಂಬ ಉಂಡರು. ಉಂಡಾದ ಮೇಲೆ ಅಕ್ಕ ಎಳ್ಳು ಬೆಲ್ಲದ ತಟ್ಟೆ ತಂದರು. ಸಾಮಾನ್ಯವಾಗಿ ಅದನ್ನು ಕೈಗೆ ಹಾಕಿ, ಸಿಹಿಯಾಗಿರೋಣ ಅಂತೇನೋ ಹೇಳಿ, ಹಿರಿಯರ ಕಾಲಿಗೆ ಬಿದ್ದು ಮುಗಿಸುತ್ತಾರೆ. ಸರ್ ತಟ್ಟೆಯನ್ನು ತಾವೇ ತೆಗೆದುಕೊಂಡರು. ಒಬ್ಬೊಬ್ಬರ ಮುಂದೆ ನಿಂತು, ಅಂಗೈಗೆ ಎಳ್ಳು ಹಾಕಿ, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ನನ್ನ ಬಿಟ್ಟು ಒಬ್ಬರೂ ಸೈನ್ ಮಾಡೂದಿಲ್ಲ. ಹೌದಿಲ್ಲೋ?" ಅಂತ ಕೇಳಿದರು.

ನಮ್ಮ ಹುಡುಗನದೇ ಮೊದಲು. "ಇದನ್ನೂ ಕೇಳ್ಬೇಕೇನ್ರೀ!" ಅಂದು ಬಗ್ಗಿ ಕಾಲು ಮುಟ್ಟಿದ. ಆಮೇಲೆ ಸಾಲಾಗಿ, ಬೆಂಗಳೂರಿನವರು "ಆಯ್ತು ಸರ್" ಅಂದರು, ಬೆಳಗಾವಿಯವರು "ಆತ್ರಿ" ಅಂದರು. ನನ್ನ ಕಿವಿಗೆ ಅದು ಫೋನ್ ಇಡುವ ಮುಂಚೆ ಅನ್ನುವ "ಆಯ್ತು" ಇದ್ದಹಾಗೇ ಇತ್ತು. ಒಪ್ಪಿದೆ ಅಂತಲೂ ಇರಬಹುದು, ಮುಗಿಯಿತು ಅಂತಲೂ ಇರಬಹುದು, ಬಿಡಿ ಇನ್ನು ಅಂತಲೂ ಇರಬಹುದು. ಈ ಊಟ ನನಗೆ ಗೊತ್ತಿತ್ತು. ಸೇನಾಧಿಪತಿಯೂ ಕೊನೆಯ ಚಳಿಗಾಲದಲ್ಲಿ ತನ್ನ ಅಧಿಕಾರಿಗಳನ್ನು ಸೇರಿಸಿ, ಕೊನೆಯತನಕ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದ. ಔತಣವೂ ಇತ್ತು. ಸಹಿ ಹಾಕಿದ ಕೈಗಳಲ್ಲಿ ಎಷ್ಟೋ ಕೈಗಳು ಎರಡು ತಿಂಗಳೂ ತಡೆಯಲಿಲ್ಲ.

ನನ್ನ ಸರದಿ ಬಂತು. ಸರ್ ಕೈ ಬೆಚ್ಚಗಿತ್ತು.

"ನಾನು ಮಾತು ಕೊಡಲ್ಲ ಸರ್," ಅಂದೆ. "ನಂಗೆ ಏನು ಆಫರ್ ಬರುತ್ತೆ ಗೊತ್ತಿಲ್ಲ, ನಿಮ್ಮ ಪ್ಲ್ಯಾನ್ ಏನು ಗೊತ್ತಿಲ್ಲ. ಗೊತ್ತಿಲ್ಲದೇ ಹೂಂ ಅಂದ್ರೆ ಅದಕ್ಕೆ ಬೆಲೆ ಏನು? ಎಳ್ಳು ಕೊಟ್ಟು ಮಾತು ತಗೊಳ್ಳೋದು ಹಬ್ಬ ಅಲ್ಲ ಸರ್."

ಯಾರೋ ಹಿಂದಿನಿಂದ, "ಗುರು, ಶುರು ಆಯ್ತು ಇವಳ್ದು," ಅಂದರು. ಕೆಲವರು ನಕ್ಕರು. ಸರ್ ನಗಲಿಲ್ಲ. ಕೈ ಬಿಟ್ಟು, "ಆಗಲಿ ತಂಗಿ. ತಿನ್ನು. ಎಳ್ಳು ತಿನ್ನಾಕ ಅಡ್ಡಿಯಿಲ್ಲಲ್ಲಾ," ಅಂದು ಮುಂದಿನವರ ಕಡೆ ಹೋದರು.

ಸುಮಾರು ಒಂದು ತಿಂಗಳ ಮೇಲೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಒಂದು ಪದ ಕೇಳಿದೆ. ಅಲ್ಲಿ ಒಂದು ಪದ್ಧತಿಯಿತ್ತು. ಖಾಯಂ ನೌಕರರು ಒಬ್ಬರನ್ನೊಬ್ಬರು, ಮುಖ್ಯಸ್ಥನನ್ನೂ ಸೇರಿಸಿ, "ದು" ಅನ್ನುತ್ತಿದ್ದರು, ಅಂದರೆ ನೀನು. ಬಾಡಿಗೆಗೆ ಬಂದ ನಮ್ಮನ್ನು ಎಷ್ಟೇ ವರ್ಷವಾದರೂ "ಝೀ", ನೀವು. ನಮ್ಮವರಿಗೆ ಇದು ಬಹಳ ಗೌರವವಾಗಿ ಕಾಣುತ್ತಿತ್ತು. ಹೊಸಬರು ಮನೆಗೆ ಫೋನ್ ಮಾಡಿ, ಬಾಸ್ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾನೆ ಅಂತ ಹೇಳಿಕೊಳ್ಳುತ್ತಿದ್ದರು. ಅದು ಗೌರವವಲ್ಲ, ಬೇಲಿ ಎಂದು ಅರ್ಥವಾಗಲು ನನಗೂ ಒಂದು ವರ್ಷ ಹಿಡಿದಿತ್ತು. ಆ ದಿನ ತಟ್ಟೆ ಹಿಡಿದು ಕಂಬದ ಹಿಂದೆ ಸಾಲಿನಲ್ಲಿ ನಿಂತಿದ್ದೆ. ಆಚೆ ಬದಿಯಲ್ಲಿ ಮುಖ್ಯಸ್ಥ ಯಾರ ಜೊತೆಗೋ ಮಾತಾಡುತ್ತಾ, "ದು" ಅಂದ, ಇನ್ನೊಮ್ಮೆ "ದು" ಅಂದ. ಬಗ್ಗಿ ನೋಡಿದೆ. ಅವನ ಎದುರು ಇದ್ದವನು ನಮ್ಮ ಹುಡುಗ.

ಆ ಭಾನುವಾರ ಸರ್ ಜೊತೆ ನಗರದ ಅರಮನೆಯ ಆಯುಧಶಾಲೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಸಂಕ್ರಾಂತಿಯ ನಂತರ ಅವರು ನನ್ನೊಂದಿಗೆ ಮೊದಲಿನಷ್ಟು ಜಗಳ ಆಡುತ್ತಿರಲಿಲ್ಲ. ಆದರೂ ಬಂದರು. ಕತ್ತಲು ಕೋಣೆಗಳಲ್ಲಿ ಗಾಜಿನ ಹಿಂದೆ ಖಾಲಿ ಕವಚಗಳು ನಿಂತಿದ್ದವು. ಮುಖವಿರಬೇಕಾದ ಜಾಗದಲ್ಲಿ ಸೀಳುಗಳು. ಒಂದು ಕಡೆ ಉದ್ದನೆಯ ಹಿಡಿಕೆಯ, ಅಗಲ ಅಲಗಿನ ಭರ್ಜಿಗಳ ಸಾಲು. ಸೇನಾಧಿಪತಿಯ ಎದೆಗೆ ಇಳಿದದ್ದು ಇಂಥದ್ದೇ. ಸರ್ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು.

"ಅವನು ಯಾರನ್ನ ಜಾಸ್ತಿ ನಂಬಿದ್ದ ಸರ್?" ಅಂತ ಕೇಳಿದೆ.

"ಗೊತ್ತೈತಿ ಬಿಡು. ಇಬ್ಬರದೂ ಗ್ರಹಗತಿ ಕೂಡ್ತಾವು ಅಂತ ಒಬ್ಬ ಜನರಲ್‌ನ ನಂಬಿದ್ದ. ಅಂವನ ಎಲ್ಲಾ ಸುದ್ದಿ ಚಕ್ರವರ್ತಿಗೆ ಮುಟ್ಟಿಸ್ತಿದ್ದ."

"ಗ್ರಹಗತಿ ಬದಲು ಒಂದೇ ಓಣಿ ಅಂತ ಇಟ್ಕೊಳ್ಳಿ."

ಅವರು ತಿರುಗಿ ನೋಡಿದರು. ಕಣ್ಣಲ್ಲಿ ಹಳೇ ಉತ್ಸಾಹ ಬಂದಿತ್ತು. "ಪಾಯಿಂಟ್ ಚಲೋ ಐತಿ. ಆದ್ರ ಕೇಳಿಲ್ಲಿ, ಓಣಿ ಅಂದ್ರ..."

"ಸರ್, ಇದು ಚರ್ಚೆ ಅಲ್ಲ. ನಮ್ಮ ಹುಡುಗ ಆಗ್ಲೇ ಅವರ ಕಡೆ ಆಗಿದ್ದಾನೆ ಅನ್ಸುತ್ತೆ. ಮುಖ್ಯಸ್ಥ ಅವನನ್ನ 'ದು' ಅಂತಿದ್ದ. ನಾನೇ ಕೇಳಿದೆ."

ಸರ್ ಕೇಳಿದ ಪ್ರಶ್ನೆ ಕನ್ನಡದವರಿಗೆ ಮಾತ್ರ ಹೊಳೆಯುವಂಥದ್ದು. "ನಮ್ಮ ಹುಡುಗ ತಿರುಗಿ ಏನಂದ? ಅಂವನೂ 'ದು' ಅಂದನೇನು?"

ನಾನು ಕೇಳಿರಲಿಲ್ಲ. ಕ್ಯಾಂಟೀನಿನ ಸದ್ದು, ಅವನ ಮೆಲ್ಲನೆಯ ದನಿ. ಸುಳ್ಳು ಹೇಳಬಹುದಿತ್ತು. "ಅದು ಕೇಳಿಸ್ಲಿಲ್ಲ ಸರ್," ಅಂದೆ.

"ಮತ್ತ?" ಅವರ ಮುಖ ಸಡಿಲವಾಯಿತು. "ದೊಡ್ಡಾಂವ ಸಣ್ಣಾಂವಗ 'ನೀ' ಅಂತಾನ. ಸೊಕ್ಕು. ನಾ ನಿನಗ 'ನೀ' ಅನ್ನೂದಿಲ್ಲೇನು? ಹಂಗಂತ ನೀ ನನಗ ತಿರುಗಿ 'ನೀ' ಅಂತೀಯೇನು? ನಮ್ಮ ಹುಡುಗ ಸತ್ತರೂ ಹಿರ್ಯಾರಿಗೆ 'ನೀ' ಅನ್ನಾಂವಲ್ಲ. ನಾ ಕಂಡೀನಿ ಅವನ್ನ, ಚಡ್ಡಿ ಹಾಕ್ಕೊಂಡಿದ್ದಾಗಿಂದ."

"ಇಲ್ಲಿ ಹಾಗಲ್ಲ ಸರ್. ಇಲ್ಲಿ ಒಬ್ರು ಅಂದ್ರೆ ಇಬ್ರೂ ಅಂತಾರೆ. ಒಂದೇ ಕಡೆ 'ದು' ಇರೋದು ಮಕ್ಕಳ ಜೊತೆ ಮಾತ್ರ."

"ಪುರಾವೆ?"

ಆ ಪದವನ್ನು ಅವರ ಅಡುಗೆಮನೆಗೆ ತಂದವಳು ನಾನು, ಈಗ ಅವರು ಅದನ್ನು ಎಷ್ಟು ಸಲೀಸಾಗಿ ಬಳಸಿದರು!

"ನೋಡ್ ತಂಗಿ," ದನಿ ಮೃದುವಾಗಿಯೇ ಇತ್ತು, "ಮಾತು ಕೊಟ್ಟಾಂವನ ಮ್ಯಾಲೆ ಮಾತು ಕೊಡದಾಕಿ ದೂರು ಹೇಳಿದ್ರ, ನಾ ಯಾರ್ನ ನಂಬ್ಲಿ? ನೀನ ಜಡ್ಜ್ ಆಗು. ಹೇಳು."

ನ್ಯಾಯವಾಗಿ ನೋಡಿದರೆ ಅವರ ವಾದವೇ ಗಟ್ಟಿಯಾಗಿತ್ತು. ನಾನು ನ್ಯಾಯಾಧೀಶಳಾಗಿದ್ದರೂ ಅಂಕ ಅವರಿಗೇ ಕೊಡುತ್ತಿದ್ದೆ. ಅವರು ಮುಂದಿನ ಕೋಣೆಗೆ, ಕುದುರೆಯ ಕವಚಗಳ ಕಡೆ ಹೊರಟರು.

ಫೆಬ್ರವರಿ ಮುಗಿಯುತ್ತಾ ಬಂದಂತೆ ಮುಖ್ಯಸ್ಥ ಒಬ್ಬೊಬ್ಬರನ್ನೇ ಮಾತಿಗೆ ಕರೆಯತೊಡಗಿದ. ಯಾರೂ ಏನೂ ಹೇಳುತ್ತಿರಲಿಲ್ಲ. ಶಿಫ್ಟಿನ ಕೊಠಡಿಯಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು, ಬೇರೆಯವರು ಹೋದರೂ ನಿಲ್ಲುತ್ತಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಸರ್ ಅಲ್ಲಿ ದಿನಾ ಬೆಳಗ್ಗೆ "ಶುಭೋದಯ" ಹಾಕುತ್ತಿದ್ದರು. ಅದರ ಕೆಳಗೆ ಹೆಬ್ಬೆರಳುಗಳು ಮೂಡುತ್ತಿದ್ದವು.

ನನ್ನ ಸರದಿ ಬಂದಾಗ ಮುಖ್ಯಸ್ಥ ಕಾಫಿ ತಾನೇ ತಂದುಕೊಟ್ಟ. ಒಳ್ಳೆಯ ಆಫರ್. ಸರ್ ಬಗ್ಗೆ ಕೇಳಿದೆ. ಅವರು ಈ ಮಾತುಕತೆಯ ಭಾಗವಲ್ಲ ಅಂದ, ನಯವಾಗಿ. ನಾನು ವಿಚಾರ ಮಾಡುತ್ತೇನೆ ಅಂದೆ. ಮನೆಗೆ ಬಂದು ಎರಡೂ ಕಡೆಯಿಂದ ವಾದ ಮಾಡಿಕೊಂಡೆ. ನನ್ನ ವೀಸಾ ಕೆಲಸಕ್ಕೆ ಅಂಟಿಕೊಂಡಿತ್ತು. ಸರ್ ಕಂಪನಿ ಮುಚ್ಚಿದರೆ ನನ್ನ ಕೆಲಸವೂ ಮುಚ್ಚುತ್ತಿತ್ತು. ನಾನು ಒಬ್ಬಳೇ ನಿಂತರೆ ಕಾರ್ಖಾನೆಗೆ ಏನೂ ಆಗುತ್ತಿರಲಿಲ್ಲ. ಎಲ್ಲರೂ ನಿಲ್ಲುತ್ತಾರೆಂದು ನಂಬಲು ಆಧಾರವಿರಲಿಲ್ಲ. ಇನ್ನೊಂದು ಕಡೆಗೆ ಇದ್ದದ್ದು ಒಂದು ಹಳೇ ಜಾಕೆಟ್, ಒಂದಿಷ್ಟು ರೊಟ್ಟಿ, ಭಾನುವಾರಗಳು. ಸೇರುವುದೆಂದು ತೀರ್ಮಾನಿಸಿ, ಸಹಿ ಹಾಕುವ ಮುಂಚೆ ಸರ್‌ಗೆ ಫೋನ್ ಮಾಡಿದೆ.

"ಸರ್, ನಾನು ಸೇರ್ತಿದ್ದೀನಿ. ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದ್ದೀನಿ."

ಆ ಕಡೆ ಕುಕ್ಕರ್ ಕೂಗಿತು. ಆಮೇಲೆ, "ಆಗಲಿ. ನೀ ಮೊದಲ ಹೇಳಿದ್ದಿ. ಉಳಿದೋರು ಅದಾರ. ಒಬ್ಬಾಕಿ ಹೋದ್ರ ದಂಡು ಮುರಿಯೂದಿಲ್ಲ," ಅಂದರು.

"ಉಳಿದೋರನ್ನೂ ಒಮ್ಮೆ ಕೇಳಿ ಸರ್."

"ಕೇಳೀನಿ. ಎಲ್ಲಾರೂ ಹೂಂ ಅಂದಾರ. ನಮ್ಮ ಹುಡುಗ ಮಾತಾಡ್ಯಾನ ಅವರ ಕೂಡ. ಹೊಸಾ ಒಪ್ಪಂದದ ಕಾಗದ ಒಂದೆರಡ ದಿನ ತಡ ಆಗ್ತೈತಂತ, ನೀವು ಎಂದಿನಂಗ ಬರ್ರಿ ಅಂದಾನ."

ಒಪ್ಪಂದ ಮುಗಿದ ಮರುದಿನ ಬೆಳಗ್ಗೆ ಟ್ರಾಮ್ ಇಳಿದು ಗೇಟಿನ ಕಡೆ ನಡೆದೆ. ತುಂತುರು ಮಳೆ, ನೆಲವೆಲ್ಲ ಬೂದು. ಗೇಟಿನ ಹತ್ತಿರ ಸರ್ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊಟದ ಡಬ್ಬಿಯ ಚೀಲ. ಕಾರ್ಡನ್ನು ಯಂತ್ರಕ್ಕೆ ಹಿಡಿಯುತ್ತಿದ್ದರು. ಕೆಂಪು. ತೋಳಿಗೆ ಒರೆಸಿ ಮತ್ತೆ ಹಿಡಿದರು. ಮತ್ತೆ ಕೆಂಪು. ಹಿಂದೆ ಬಂದವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಬಂದವರು ನಮ್ಮವರೇ. "ಗುಡ್ ಮಾರ್ನಿಂಗ್ ಸರ್," ಅಂದು ಒಬ್ಬ ಕಾರ್ಡ್ ಹಿಡಿದ. ಹಸಿರು. ಇನ್ನೊಬ್ಬ ಬಂದ. ಹಸಿರು. ಬೆಂಗಳೂರಿನ ಇಬ್ಬರು ಏನೋ ತುರ್ತಾಗಿ ಮಾತಾಡುತ್ತಿರುವವರಂತೆ ತಲೆ ತಗ್ಗಿಸಿ ದಾಟಿದರು. ಪ್ರತಿ ಸಲವೂ ಆ ಯಂತ್ರ ಪುಟ್ಟ ಹಕ್ಕಿಯ ಹಾಗೆ ಕೂಗುತ್ತಿತ್ತು. ಸರ್ ಒಬ್ಬೊಬ್ಬರಿಗೂ ತಲೆಯಾಡಿಸುತ್ತಾ ನಿಂತಿದ್ದರು. ಮುಖದಲ್ಲಿದ್ದ ನಗು ಹಾಗೇ ಇತ್ತು, ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದವರ ಹಾಗೆ.

ನಾನು ಹೋಗಿ ಅವರ ಪಕ್ಕ ನಿಂತೆ.

"ಇವರದು ಹೆಂಗ್ ನಡೀತೈತಿ?" ಅಂದರು. "ಒಪ್ಪಂದ ತಡ ಆದ್ರ ಎಲ್ಲಾರ ಕಾರ್ಡೂ ನಿಲ್ಲಬೇಕಲ್ಲ. ನಂದ ಯಾಕ?"

ಹಾಗೆ ಕೇಳಿದವರಿಗೆ ಉತ್ತರ ಗೊತ್ತಿರಲಿಲ್ಲ ಎಂದು ನಾನು ವಾದಿಸಲಾರೆ, ಗೊತ್ತಿತ್ತು ಎಂದೂ ವಾದಿಸಲಾರೆ.

"ತಡಿ, ನಮ್ಮ ಹುಡುಗಗ ಕೇಳ್ತೀನಿ," ಅಂದು ಫೋನ್ ತೆಗೆದು ಕಿವಿಗೆ ಹಿಡಿದರು. ಅವರ ಬೆನ್ನು ಕಟ್ಟಡದ ಕಡೆಗಿತ್ತು, ನನ್ನ ಮುಖ. ಗಾಜಿನ ಬಾಗಿಲಿನ ಒಳಗೆ, ಮೆಟ್ಟಿಲ ಬುಡದಲ್ಲಿ, ಅವನು ಮುಖ್ಯಸ್ಥನ ಜೊತೆ ನಿಂತಿದ್ದ. ಜೇಬಿನಿಂದ ಫೋನ್ ತೆಗೆದ, ಪರದೆ ನೋಡಿದ, ಹೊರಗೆ ಗೇಟಿನ ಕಡೆ ಒಮ್ಮೆ ನೋಡಿದ. ಮತ್ತೆ ಜೇಬಿಗಿಟ್ಟ. ಮುಖ್ಯಸ್ಥ ಅವನ ಹೆಗಲ ಮೇಲೆ ಕೈಯಿಟ್ಟ, ಇಬ್ಬರೂ ಮೇಲೆ ಹತ್ತಿದರು.

"ಎತ್ತವಲ್ಲ," ಅಂದರು ಸರ್. ಮಳೆಯ ಹನಿಗಳು ಅವರ ಚೀಲದ ಮೇಲೆ ಬೀಳುತ್ತಿದ್ದವು. "ಮೀಟಿಂಗ್‌ನ್ಯಾಗ ಇರಬೇಕು ಅಂವ."

ನಾನು ನೋಡಿದ್ದೆ. ಈ ಸಲ ಪುರಾವೆ ಇತ್ತು.

"ಇರಬಹುದು ಸರ್," ಅಂದೆ.